ಆಮೆಯ ಹಾಸಿಗೆ

ಏಳು ಕೆರೆಯ ನೀರು ಕುಡಿದು ಬಂದ ಮುದಿ ಆಮೆಗೆ ಗಾಲ್ಫ್ ಮೈದಾನದ ಕೊಳದಲ್ಲಿ ಇನ್ನು ನಿದ್ದೆಯೊಂದೇ ಬೇಕಿತ್ತು. ಆದರೆ ಹೊಸದಾಗಿ ಆಟಕ್ಕೆ ಇಳಿದಿದ್ದ ಮುಸುವ ಕೋತಿ ಹೊಡೆದ ಚೆಂಡೆಲ್ಲ ಅವಳು ಮಲಗುವ ಕೆಸರಿಗೇ ಬಂದು ಬೀಳುತ್ತಿತ್ತು. ಚೆಂಡುಗಳ ಮೇಲೆ ಹೊರಳಿ ಹೊರಳಿ ಸಾಕಾಗಿ ಒಂದು ದಿನ ದಡ ಹತ್ತಿದಳು.

“ಕೋಲು ಸರಿಯಿಲ್ಲ ಅಜ್ಜಿ, ನಾಳೆ ಬದಲಾಯಿಸ್ತೀನಿ,” ಎಂದ ಮುಸುವ.

“ಮೊನ್ನೆ ತಾನೇ ಬದಲಾಯಿಸಿದೆಯಲ್ಲಪ್ಪ?”

“ಅದು ಕೈಗವಸು. ಅದಕ್ಕೂ ಮುಂಚೆ ಬೂಟು. ಚೆಂಡೂ ಬೇರೆ ತರ್ತೀನಿ, ಚಾಂಪಿಯನ್ನರು ಆಡೋವಂಥದ್ದು.”

“ಮತ್ತೆ ಕೈ ಪಳಗಿಸೋದು ಯಾವಾಗ?”

“ಸಾಮಾನೆಲ್ಲ ಹೊಂದಿಸಿಕೊಂಡ ಮೇಲೆ.”

ಆಮೆ ನೀರಿಗಿಳಿದಳು. ಅರ್ಧ ಮುಳುಗಿದವಳು ತಿರುಗಿ ಹೇಳಿದಳು: “ಹಾಗಾದರೆ ಚೆಂಡು ಕೊಳ್ಳುವಾಗ ಮೆತ್ತಗಿರೋದನ್ನೇ ನೋಡಿ ತಗೊಳ್ಳಪ್ಪ. ಅದರ ಮೇಲೆ ಮಲಗೋಳು ನಾನು.”