ಅರ್ಧ ಕಾಳಿನ ಕಾವಲು

ಒಂದಾನೊಂದು ಊರು ದುಂಡಮ್ಮನ ಹೊಟ್ಟೆಯೊಳಗಿತ್ತು. ಹೊಟ್ಟೆಯೊಳಗೆ ಊರು ಹೇಗೆ ಹಿಡಿಸ್ತು ಅಂತ ಈಗಲೇ ಶುರು ಹಚ್ಕೋಬೇಡಿ. ಹಿಡಿಸಿತ್ತು, ಅಷ್ಟೆ.

ಆ ಊರಿಗೆ ಬಿಳಿ ಅಂಗಿಯ ಕಾವಲುಗಾರರು. ಡಾಕ್ಟರು ಅವರನ್ನ ಬಿಳಿ ರಕ್ತಕಣ ಅಂತಾರೆ. ಅವರಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಬಂದವರ ಅಂಗೈ ನೋಡೋದು. ಊರಿನ ಮುದ್ರೆ ಇದ್ದರೆ ಒಳಗೆ, ಇಲ್ಲದಿದ್ದರೆ ಒದ್ದು ಆಚೆಗೆ. ಒದೆಯೋಕೆ ಸಿಟ್ಟು ಬೇಕಲ್ಲ, ಅದಕ್ಕೆ ದಿನಾ ಒಂದು ಹಿಡಿ ಹುರಿದ ಕಡಲೆಕಾಳು ತಿನ್ನೋರು. ಇಡೀ ಕಾಳು ತಿಂದರೆ ಸಿಟ್ಟು ಬರೋದು.

ಒಂದು ದಿನ ಒಂದು ಕೂಸು ಬಂದು ಊರ ನಡುವೆ ಮಲಗಿಬಿಡ್ತು. ದಫೇದಾರ ಹೊನ್ನಪ್ಪ ಅಂಗೈ ಬಿಡಿಸಿ ನೋಡಿದ. ಎಡಗೈಯಲ್ಲಿ ಅಮ್ಮನ ಊರಿನ, ಅಂದರೆ ಇದೇ ಊರಿನ ಮುದ್ರೆ, ಬಲಗೈಯಲ್ಲಿ ಅಪ್ಪನ ಊರಿನದು. ಹೊನ್ನಪ್ಪನಿಗೆ ತಲೆ ಕೆಟ್ಟುಹೋಯ್ತು. ಇಪ್ಪತ್ತು ಸಲ ತಿರುಗಿಸಿ ನೋಡಿ ತೀರ್ಪು ಕೊಟ್ಟ.

"ಎಡಗಡೆ ಅರ್ಧ ಇರಲಿ. ಬಲಗಡೆ ಅರ್ಧ ಆಚೆಗೆ ಹೋಗಲಿ."

ಕಾನೂನು ಪ್ರಕಾರ ಸರಿಯೇ. ಆದರೆ ಕೂಸು ಬದುಕಬೇಕಲ್ಲ.

ಕಾವಲುಗಾರರಲ್ಲೇ ನಿಂಗಕ್ಕ ಅಂತ ಒಬ್ಬಳು. ಅವಳ ಸೊಂಟದಲ್ಲಿ ಒಂದು ಅಡಕತ್ತರಿ, ಅದು ಮಾತಾಡೋದು. ಓದಿದವರು ಅದನ್ನ ಕಿಣ್ವ ಅಂತಾರೆ. ಕೂಸಿನ ಮುಖ ನೋಡಿ ನಿಂಗಕ್ಕನಿಗೆ ಅಯ್ಯೋ ಅನ್ನಿಸ್ತು. ಹೊನ್ನಪ್ಪನ ಕಾಲು ಹಿಡಿದು ಬೇಡಿಕೊಂಡಳು. ಅವನು ಕಾಳು ಅಗಿಯುತ್ತಲೇ, ನಾಳೆ ಬೆಳಿಗ್ಗೆ ಕೊಯ್ಯೋದೇ ಸೈ ಅಂದ.

ಆಗ ಅಡಕತ್ತರಿ ಹೇಳ್ತು. "ಅಕ್ಕ, ಕೂಸನ್ನ ಮುಚ್ಚಿಡೋಕಾಗಲ್ಲ, ದಿನಾ ದಪ್ಪ ಆಗ್ತದೆ. ನನ್ನನ್ನ ಕಾಳಿನ ಮೂಟೆ ಹತ್ರ ಬಿಡು."

ಬಿಟ್ಟಳು. ಅದು ಕಟಕ್ ಕಟಕ್ ಅಂತ ಒಂದೊಂದು ಕಾಳನ್ನೂ ಎರಡು ಹೋಳು ಮಾಡ್ತು. ಒಂದು ಮೂಟೆ ಮುಗೀತು, ಇನ್ನೊಂದು ಬಂತು, ಅದೂ ಮುಗೀತು. ಊರಬಾಗಿಲ ಮೂಟೆಗೆ ಮಾತ್ರ ಬಾಯಿ ಹಾಕಲಿಲ್ಲ, ಕಳ್ಳರನ್ನ ಒದೆಯೋರೂ ಬೇಕಲ್ಲ.

ಬೆಳಿಗ್ಗೆ ಕಾವಲುಗಾರರು ಹೋಳು ತಿಂದರು. ಅರ್ಧ ಕಾಳಿಗೆ ಅರ್ಧ ಸಿಟ್ಟು ಅಂತೀರಾ? ನಿಮ್ಮ ಜಾಣತನ ನಿಮ್ಮ ಹತ್ರನೇ ಇರಲಿ. ಅರ್ಧ ಕಾಳಿಗೆ ಬರೋದು ಆಕಳಿಕೆ. ಎತ್ತಿದ ಕಾಲು ಹಾಗೇ ಕೆಳಗಿಳೀತು. ಕೆಲವರು ಮಲಗಿದರು. ಇನ್ನು ಕೆಲವರು ಕೂಸಿನ ಸುತ್ತ ಕೂತು, ಹತ್ತಿರ ಬಂದವರಿಗೆಲ್ಲ ಮೆಲ್ಲಗೆ ನಡೀರಿ ಅಂತ ಗದರಿದರು. ಹೊನ್ನಪ್ಪ ಜೋಗುಳ ಹಾಡಿದ. ಕೇಳೋಕಾಗ್ತಿರಲಿಲ್ಲ, ಆದರೂ ಹಾಡಿದ.

ದಿನಾ ರಾತ್ರಿ ಕಟಕ್ ಕಟಕ್ ನಡೀತಾನೇ ಇತ್ತು. ಒಂಬತ್ತು ತಿಂಗಳು ತುಂಬಿದ ಮೇಲೆ ಕೂಸು ತಾನಾಗಿಯೇ ಎದ್ದು ಹೊರಟಿತು. ಹೊನ್ನಪ್ಪ ಬಾಗಿಲಿಗೆ ಅಡ್ಡ ನಿಂತು, ಇನ್ನೆರಡು ದಿನ ಇದ್ದು ಹೋಗು ಕಂದ ಅಂತ ಗೊಳೋ ಅಂತ ಅತ್ತ.

ಇದೆಲ್ಲ ಬುರುಡೆ ಅನ್ನೋರು ಎದ್ದು ಹೋಗಬಹುದು. ಆದರೆ ನಿಮ್ಮನ್ನೂ ಯಾರೋ ಒಂಬತ್ತು ತಿಂಗಳು ಒದೆಯದೆ ಬಿಟ್ಟಿದ್ದಕ್ಕೇ, ಇವತ್ತು ಇಲ್ಲಿ ಕೂತು ನನ್ನ ಕತೆನ ಬುರುಡೆ ಅಂತಿದ್ದೀರಿ.