ಅಜ್ಜನ ಕಾಲ

"ಗುರುಗಳೇ, ಹಿಂದಿನ ಕಾಲದ ಒಳ್ಳೆಯತನ ಈಗ ಎಲ್ಲಿ ಹೋಯಿತು?" ಎಂದು ಶಿಷ್ಯನೊಬ್ಬ ಕೇಳಿದ. "ಹಿರಿಯರು ತಮ್ಮ ಕಾಲದ ಮಾತು ಹೇಳುವಾಗಲೆಲ್ಲ ನಾನು ತಡವಾಗಿ ಹುಟ್ಟಿದೆ ಅನ್ನಿಸುತ್ತದೆ."

ಗುರುಗಳು ಈ ಕತೆ ಹೇಳಿದರು.

ನದಿಯ ದಡದ ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದ. ನಾಲ್ಕು ತಲೆಮಾರಿನಿಂದ ಅವನ ಮನೆತನದ್ದು ಹಣಕಾಸಿನ ವ್ಯವಹಾರ. ಜನ ತಮ್ಮ ಉಳಿತಾಯವನ್ನು ತಂದು ಅವರಲ್ಲಿ ಇಡುತ್ತಿದ್ದರು. ಪರವೂರಿಗೆ ಹೋಗುವವರು ಇಲ್ಲಿ ಹಣ ಕಟ್ಟಿ ಹುಂಡಿ ಚೀಟಿ ಬರೆಸಿಕೊಂಡರೆ, ಅಲ್ಲಿ ಅದನ್ನು ತೋರಿಸಿ ಹಣ ಪಡೆಯಬಹುದಿತ್ತು. ಅಜ್ಜನ ಕಾಲದಲ್ಲಿ ಆ ಚೀಟಿ ಮೂರು ಊರುಗಳಲ್ಲಿ ನಡೆಯುತ್ತಿತ್ತು. ಸಾಹುಕಾರನ ಕಾಲಕ್ಕೆ ಮೂವತ್ತು ಊರುಗಳಲ್ಲಿ ನಡೆಯಿತು. ಮನೆಯ ಮೇಲೆ ಮಾಳಿಗೆ ಎದ್ದಿತು. ಊಟಕ್ಕೆ ಬೆಳ್ಳಿಯ ತಟ್ಟೆ ಬಂತು.

ಆದರೂ ಸಾಹುಕಾರನ ಮನಸ್ಸು ಅಜ್ಜನ ಕಾಲದಲ್ಲೇ ಸಿಕ್ಕಿಕೊಂಡಿತ್ತು. ಚಿಕ್ಕವನಿದ್ದಾಗ ಅವನು ಅಜ್ಜನ ಮಗ್ಗುಲಲ್ಲಿ ಗಾದಿಯ ಮೇಲೆ ಕೂತಿರುತ್ತಿದ್ದ. ಅಜ್ಜ ನಾಣ್ಯವನ್ನು ಕಲ್ಲಿಗೆ ತಟ್ಟಿ, "ಹೇಳು ನೋಡೋಣ, ಅಸಲಿಯೋ ನಕಲಿಯೋ?" ಎಂದು ಕೇಳುತ್ತಿದ್ದರು. ತಪ್ಪು ಹೇಳಿದರೆ ಇಡೀ ಅಂಗಡಿ ನಗುತ್ತಿತ್ತು. ಮಧ್ಯಾಹ್ನ ಬಂದವರಿಗೆಲ್ಲ ಅವಲಕ್ಕಿ ಮೊಸರು. ಕಾಶಿಗೆ ಹೊರಟ ಮುದುಕಿಯೊಬ್ಬಳು ತನ್ನ ಒಡವೆಯ ಗಂಟನ್ನು ಅಜ್ಜನ ಮುಂದಿಟ್ಟು, ಒಂದು ಮಾತೂ ಆಡದೆ ಹೋಗಿದ್ದಳು. ಆರು ವರ್ಷದ ಮೇಲೆ ಬಂದು, ಗಂಟು ಬಿಚ್ಚಿಯೂ ನೋಡದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂಥ ನಂಬಿಕೆ. ಅದನ್ನು ನೆನೆದಾಗಲೆಲ್ಲ ಸಾಹುಕಾರ 'ಎಂಥ ಕಾಲ' ಎನ್ನುತ್ತಿದ್ದ.

ಅಜ್ಜ ಕೂರುತ್ತಿದ್ದ ಕೋಣೆಯನ್ನು ಅವನು ಹಾಗೇ ಉಳಿಸಿಕೊಂಡಿದ್ದ. ಅದೇ ಗಾದಿ, ಅದೇ ಒರಗುವ ಲೋಡು, ಅದೇ ಹಿತ್ತಾಳೆಯ ಮಸಿಕುಡಿಕೆ. ದಿನಕ್ಕೊಮ್ಮೆ ಅಲ್ಲಿ ಒಬ್ಬನೇ ಹೋಗಿ ಕೂತು ಬರುತ್ತಿದ್ದ.

ಅವನಿಗೆ ಅರವತ್ತು ತುಂಬುವ ವರ್ಷ ಕೆಟ್ಟ ಸುದ್ದಿ ಬಂತು. ಬಂದರಿನ ಊರಿನಲ್ಲಿ ಅವನು ನಂಬಿದ್ದ ದೊಡ್ಡ ವರ್ತಕನೊಬ್ಬ ದಿವಾಳಿಯಾದ. ಸಾಹುಕಾರನ ಹಣ ಬಹಳಷ್ಟು ಅಲ್ಲಿ ಮುಳುಗಿತು. ಕಾಲಿಲ್ಲದಿದ್ದರೂ ಸುದ್ದಿ ಓಡುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ಇಡೀ ಪೇಟೆ ಅವನ ಬಾಗಿಲ ಮುಂದಿತ್ತು. "ನಮ್ಮ ಹಣ ಕೊಡಿ" ಎಂದು ಜನ ಕೂಗಿದರು. ಒಂದು ಕಲ್ಲು ಬಂದು ಕದಕ್ಕೆ ಬಡಿಯಿತು.

ಹಿರಿಯ ಮಗ ಓಡಿಬಂದ. "ಅಪ್ಪಾ, ಬಾಗಿಲು ತೆಗೆಯುವುದು ಬೇಡ. ಉಳಿದ ಚಿನ್ನವನ್ನು ಗಂಟು ಕಟ್ಟಿಸಿದ್ದೇನೆ. ಹಿತ್ತಿಲ ಕಡೆ ದೋಣಿ ನಿಂತಿದೆ. ಹೊಳೆ ದಾಟಿಬಿಟ್ಟರೆ ಬದುಕಿಕೊಂಡೇವು" ಎಂದ.

ಸಾಹುಕಾರ ಅಜ್ಜನ ಕೋಣೆಗೆ ಹೋಗಿ ಕೂತ. ಅಜ್ಜನ ಕಾಲದ ಗುಮಾಸ್ತನೊಬ್ಬ ಇನ್ನೂ ಆ ಮನೆಯಲ್ಲೇ ಇದ್ದ. ಎಂಬತ್ತು ದಾಟಿದ ಮುದುಕ, ಕಣ್ಣು ಮಂಜು. ಅವನು ಗೋಡೆ ಹಿಡಿದುಕೊಂಡು ಬಂದು ಎದುರಿಗೆ ಕೂತ.

"ಕೇಳಿದಿರಾ ಗುಮಾಸ್ತರೇ, ಕಲ್ಲು ಎಸೆದರು" ಎಂದ ಸಾಹುಕಾರ. "ಅಜ್ಜನ ಕಾಲದಲ್ಲಾಗಿದ್ದರೆ ಹೀಗಾಗುತ್ತಿತ್ತೇ? ಎಂಥ ಕಾಲ ಅದು, ಎಂಥ ಜನ!"

"ಆಗಿತ್ತು, ಚಿಕ್ಕಧಣಿ" ಎಂದ ಮುದುಕ. "ಆಗ ನೀವಿನ್ನೂ ಹುಟ್ಟಿರಲಿಲ್ಲ. ಹೊಳೆಯಲ್ಲಿ ನಮ್ಮ ಸರಕು ತುಂಬಿದ ಎರಡು ದೋಣಿ ಮುಳುಗಿದವು. ಜನ ಹೀಗೇ ಬಂದರು, ಹೀಗೇ ಕಲ್ಲೆಸೆದರು. ನಿಮ್ಮ ಅಜ್ಜ ಇದೇ ಲೋಡಿಗೆ ಮುಖ ಒತ್ತಿಕೊಂಡು ಅತ್ತರು. 'ನಮ್ಮಪ್ಪನ ಕಾಲದ ಜನ ಹೀಗಿರಲಿಲ್ಲ' ಅಂತ ಅತ್ತರು."

ಅಜ್ಜ ಅತ್ತದ್ದನ್ನು ಸಾಹುಕಾರನಿಗೆ ಯಾರೂ ಹೇಳಿರಲಿಲ್ಲ. ಅವನು ಲೋಡಿನ ಮೇಲೆ ಕೈಯಿಟ್ಟು, "ಆಮೇಲೆ?" ಎಂದ.

"ಆಮೇಲೇನು? ಮುಖ ತೊಳೆದುಕೊಂಡು ಹೋಗಿ ಬಾಗಿಲು ತೆಗೆದರು."

ಸಾಹುಕಾರ ಎದ್ದ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ಮಗನನ್ನು ಬದಿಗೆ ಸರಿಸಿ ತಾನೇ ಬಾಗಿಲ ಅಗಳಿ ತೆಗೆದ.

ಮೂರು ದಿನ ಅವನು ಹೊಸ್ತಿಲ ಬಳಿಯೇ ಕೂತು ಕೊಟ್ಟ. ಹಮಾಲರಿಗೆ, ತರಕಾರಿ ಮಾರುವವರಿಗೆ, ಗಂಡನಿಲ್ಲದ ಹೆಣ್ಣುಮಕ್ಕಳಿಗೆ ಮೊದಲು, ದೊಡ್ಡವರಿಗೆ ಆಮೇಲೆ. ಮೊದಲ ದಿನ ಬೈದವರು ಇದ್ದರು. ಅವನು ತಲೆ ಎತ್ತದೆ ಕೊಟ್ಟ. ಎರಡನೆಯ ದಿನ ಪೆಟ್ಟಿಗೆ ಬರಿದಾಯಿತು. ಹೆಂಡತಿ ಬಂದು ತನ್ನ ಸೊಂಟದ ಚಿನ್ನದ ಡಾಬನ್ನು ಅವನ ಪಕ್ಕದಲ್ಲಿಟ್ಟು ಒಳಗೆ ಹೋದಳು. ಅವನು ಕೇಳಿರಲಿಲ್ಲ. ಮೂರನೆಯ ದಿನ ಬೆಳ್ಳಿ ಹೋಯಿತು, ಮಾಳಿಗೆಯ ಮನೆ ಹೋಯಿತು, ಅಜ್ಜನ ಕೋಣೆಯೂ ಹೋಯಿತು. ಸಂಜೆಗೆ ಬಾಗಿಲಲ್ಲಿ ಯಾರೂ ಉಳಿದಿರಲಿಲ್ಲ.

ಹಿರಿಯ ಮಗ ಮುನಿಸಿಕೊಂಡು ಮಾವನ ಮನೆ ಸೇರಿದ. ಸಾಹುಕಾರ ಹಿಂದಿನ ಬೀದಿಯಲ್ಲಿ ಸಣ್ಣ ಅಂಗಡಿ ಹಿಡಿದ. ಮೊದಲ ವರ್ಷ ನೊಣ ಹೊಡೆದುಕೊಂಡು ಕೂತ. ಎರಡನೆಯ ವರ್ಷ ಹಮಾಲನೊಬ್ಬ ಬಂದು, "ಇದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಧಣಿ, ನನ್ನ ಹತ್ತಿರ ನಿಲ್ಲುವುದಿಲ್ಲ" ಎಂದು ಚಿಲ್ಲರೆ ತುಂಬಿದ ಬಟ್ಟೆಯ ಚೀಲ ಕೊಟ್ಟ. ಆಮೇಲೆ ಇನ್ನೂ ಕೆಲವರು ಬಂದರು. ಹಳೆಯ ಸಿರಿ ತಿರುಗಿ ಬರಲಿಲ್ಲ. ಹುಂಡಿ ಎರಡೇ ಊರುಗಳಲ್ಲಿ ನಡೆಯಿತು. ಸಾಹುಕಾರ ಹನ್ನೊಂದು ವರ್ಷ ಬದುಕಿದ. ಅಜ್ಜನ ನೆನಪು ಬಂದಾಗ ಈಗಲೂ ಅವನ ಕಣ್ಣು ತುಂಬುತ್ತಿತ್ತು; ಆದರೆ 'ಎಂಥ ಕಾಲ' ಎಂಬ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ಅವನು ತೀರಿಕೊಂಡ ಮೇಲೆ, ಅವನ ಜೊತೆಗೇ ಉಳಿದಿದ್ದ ಮೊಮ್ಮಗ ಅಂಗಡಿಯಲ್ಲಿ ಕೂತ. ಒಂದು ದಿನ ಇಬ್ಬರು ಮುದುಕರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತಾಡುತ್ತಿದ್ದರು. "ನಮ್ಮ ಸಾಹುಕಾರರ ಕಾಲವೇ ಬೇರೆ. ಅಂಥ ಮನುಷ್ಯರು, ಅಂಥ ನಂಬಿಕೆ ಈಗೆಲ್ಲಿ ತರುತ್ತೀಯೆ?" ಎಂದ ಒಬ್ಬ. ಕಲ್ಲು ಎಸೆದವನು ಅವನೇ. ಒಳಗೆ ಕೂತಿದ್ದ ಮೊಮ್ಮಗ ಅದನ್ನು ಕೇಳಿ ನಿಟ್ಟುಸಿರು ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಗುರುಗಳೇ, ಆ ಒಳ್ಳೆಯ ಕಾಲ ನಿಜವಾಗಿ ಯಾವಾಗ ಇತ್ತು?" ಎಂದು ಶಿಷ್ಯ ಕೇಳಿದ.

"ಬಾಗಿಲು ತೆಗೆದ ದಿನ ಇತ್ತಪ್ಪ; ಅದು ಒಳ್ಳೆಯ ಕಾಲ ಎಂದು ತೆಗೆದವನಿಗೆ ಮಾತ್ರ ಆ ದಿನ ಗೊತ್ತಿರಲಿಲ್ಲ."