ನೆರಳುದಡಕ್ಕೆ ಬಿಸಿಲು ಕೊಡಿಸಿದ ರಾಗ್ನಾ

ಬಹಳ ಹಿಂದೆ, ನಾರ್ವೆ ದೇಶದಲ್ಲಿ ಟ್ವೇರ್‌ದಾಲ್ ಅಂತ ಒಂದು ಊರು. ಎಷ್ಟು ಹಿಂದೆ ಅಂದರೆ, ಆಗ ಅಲ್ಲಿನ ಮೀನುಗಳು ಕರೆದರೆ ಮನೆಬಾಗಿಲಿಗೇ ಬರುತ್ತಿದ್ದವಂತೆ. ಬೆಟ್ಟಗಳ ನಡುವೆ ಸಮುದ್ರ ಒಂದು ತೋಳು ಚಾಚಿತ್ತು. ಈಚೆ ದಡ, ಆಚೆ ದಡ, ಎರಡಕ್ಕೂ ಒಂದೇ ಪಂಚಾಯಿತಿ. ಈಚೆಯದು ಬಿಸಿಲುದಡ. ಆಚೆಯದು ನೆರಳುದಡ, ಚಳಿಗಾಲ ಹೊಕ್ಕಿತೆಂದರೆ ಸೂರ್ಯ ಅದರ ಬೆನ್ನಿಗಿದ್ದ ಬೆಟ್ಟ ಹತ್ತಲಾರದೆ ವಸಂತದವರೆಗೂ ಅಲ್ಲಿಗೆ ಮುಖ ತೋರಿಸುತ್ತಿರಲಿಲ್ಲ.

ಎರಡು ದಡಕ್ಕೂ ದೋಣಿ ಹಾಕುತ್ತಿದ್ದವಳು ರಾಗ್ನಾ. ಎಂಥಾ ಹೆಂಗಸು ಅಂತೀರಿ! ಕೊಬ್ಬಿದ ಹೋರಿಯನ್ನು ಕಂಕುಳಲ್ಲಿ ಇರುಕಿಕೊಂಡು ಒಂದೇ ಕೈಯಲ್ಲಿ ಹುಟ್ಟು ಹಾಕಿದ್ದಳಂತೆ. ಹೋರಿಯಲ್ಲ, ಕರು ಅನ್ನುವವರೂ ಇದ್ದಾರೆ, ಅವರನ್ನು ನಂಬಬೇಡಿ. ನೀರಿನ ವಿಷಯದಲ್ಲಿ ಅವಳ ಮಾತೇ ಮಾತು. ಗಾಳಿ ಸರಿಯಿಲ್ಲ ಅಂದಳೋ, ಸ್ವಂತ ದೋಣಿ ಇದ್ದವರೂ ತೆಪ್ಪಗೆ ಕೂರಬೇಕು. ಅದು ಆ ಊರಿನ ಕಟ್ಟಳೆ.

ಬಿಸಿಲುದಡದವರಿಗೆ ಮಹಾ ಜಂಬ. ಪಂಚಾಯಿತಿ ಯಜಮಾನ ಔಡುನ್ ಅಂತೂ ಸಿಕ್ಕಸಿಕ್ಕಲ್ಲಿ ಆಡಿಕೊಳ್ಳುತ್ತಿದ್ದ: “ಬೆಳಗಾಯ್ತೋ ಇಲ್ವೋ ಗೊತ್ತಾಗದೆ ನೆರಳುದಡದ ಹುಂಜಗಳು ಕೂಗೋದನ್ನೇ ಬಿಟ್ಟಿವೆಯಂತೆ!” ಕೇಳಿ ಕೇಳಿ ನೆರಳುದಡದವರು ರೋಸಿಹೋದರು. ಬೇರೆಯಾಗಿ ಬೆಟ್ಟದಾಚೆಯ ಪಂಚಾಯಿತಿಗೆ ಸೇರುತ್ತೇವೆ ಅಂದರು. ಹಾಗಾದರೆ ದೋಣಿ ನಿಲ್ಲುತ್ತದೆ. ರಾಗ್ನಾಳ ಮನೆ ಬಿಸಿಲುದಡದಲ್ಲಿ, ಹೆತ್ತತಾಯಿ ಗುನ್ವೋರಜ್ಜಿ ನೆರಳುದಡದಲ್ಲಿ. ಇದನ್ನು ಹೇಗಾದರೂ ತಪ್ಪಿಸಬೇಕು ಅಂದುಕೊಂಡಳು.

ಆ ಚಳಿಗಾಲದಲ್ಲೇ, ಪಾಲಾಗುವ ಸಭೆ ನೆರಳುದಡದಲ್ಲಿ ಸೇರಿತು. ಮಧ್ಯಾಹ್ನದೊಳಗೆ ಮನೆ ಸೇರುತ್ತೇವಲ್ಲ ಎಂದು ಔಡುನ್ ಮತ್ತವನ ಜೊತೆಯವರು ದಪ್ಪ ಕೋಟು ಸಹ ತಂದಿರಲಿಲ್ಲ. ಮಾತಿನ ಕಾವು ಏರುವಾಗ ರಾಗ್ನಾ ಹೊರಗೆ ಹೋಗಿ, ಒಂದು ಬೆರಳು ಮೇಲೆತ್ತಿ, ಒಳಗೆ ಬಂದಳು.

“ಗಾಳಿ ಸರಿಯಿಲ್ಲ.”

“ನೀರು ಕನ್ನಡಿ ಹಾಗಿದೆಯಲ್ಲೇ!” ಅಂದ ಔಡುನ್.

“ಹಾಗಿದ್ದರೆ ಕನ್ನಡಿ ಮೇಲೆ ನಡಕೊಂಡು ಹೋಗಿ, ಯಜಮಾನ್ರೇ.”

ಕಟ್ಟಳೆ ಮೀರುವುದುಂಟೇ? ಉಳಿದರು. ಒಂದು ವಾರ ಅನ್ನುವವರಿದ್ದಾರೆ, ಒಂದು ತಿಂಗಳು ಅನ್ನುವವರಿದ್ದಾರೆ. ಔಡುನ್‌ನ ಗಡ್ಡದ ಹಿಮಗಡ್ಡೆಯನ್ನು ಒಡೆದು ಕಾಫಿಗೆ ನೀರು ಕಾಯಿಸುತ್ತಿದ್ದರಂತೆ. ನೆರಳುದಡದವರು ಕೋಪವನ್ನು ಪಕ್ಕಕ್ಕಿಟ್ಟು ಒಲೆ ಹತ್ತಿರದ ಹಾಸಿಗೆಗಳನ್ನು ನೆಂಟರಿಗೇ ಬಿಟ್ಟುಕೊಟ್ಟರು.

ದಿನವೂ ಔಡುನ್ ಗುನ್ವೋರಜ್ಜಿಯ ಕಿಟಕಿಯಲ್ಲಿ ನಿಂತು ಆಚೆ ನೋಡುತ್ತಿದ್ದ. ಅಲ್ಲಿ ಅವನ ಮನೆ ಜಗಲಿ ತುಂಬ ಬಿಸಿಲು. ಅದರಲ್ಲಿ ಅವನ ಬೆಕ್ಕು ಕಾಲು ಚಾಚಿಕೊಂಡು ಬಿದ್ದಿತ್ತು. ಅದನ್ನು ನೋಡಿ ಆ ದೊಡ್ಡ ಗಂಡಸು ಗಳಗಳ ಅತ್ತುಬಿಟ್ಟನಂತೆ.

“ಇದನ್ನ ದಿನಾ ನೋಡ್ತೀಯಾ ಅಜ್ಜೀ?”

“ನಮ್ಮ ಕಿಟಕಿಗಳೆಲ್ಲ ಆ ಕಡೆಗೇ ಇವೆಯಲ್ಲಪ್ಪ.”

ಔಡುನ್ ಆವತ್ತೇ ಸಭೆ ಸೇರಿಸಿ ತಪ್ಪಾಯಿತು ಅಂದ. ಬಿಸಿಲು ನಮ್ಮಪ್ಪಂದಿರು ಗಳಿಸಿಟ್ಟ ಆಸ್ತಿಯಲ್ಲ, ಚಳಿಗಾಲವಿಡೀ ನಮ್ಮ ಜಗಲಿಗಳು ನಿಮ್ಮವೇ, ಬೇರೆಯಾಗಬೇಡಿ ಎಂದು ಬೇಡಿಕೊಂಡ. ನೆರಳುದಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಆಗಲಿ ಅಂದರು. ಅವರ ಬಾಯಿ ಮುಚ್ಚುವ ಮೊದಲೇ ಗಾಳಿ ಸರಿಹೋಯಿತಂತೆ. ರಾಗ್ನಾ ಎಷ್ಟು ಖುಷಿಯಲ್ಲಿ ಹುಟ್ಟು ಹಾಕಿದಳೆಂದರೆ, ದೋಣಿ ದಡದಲ್ಲಿ ನಿಲ್ಲದೆ ಔಡುನ್‌ನ ಅಂಗಳದವರೆಗೂ ಹೋಯಿತಂತೆ.

ಈಗ ಅಲ್ಲಿ ಸೇತುವೆ ಬಂದಿದೆ. ಆದರೂ ನೆರಳುದಡಕ್ಕೆ ಬಿಸಿಲು ತಪ್ಪುವ ಮೊದಲ ದಿನ ಅಲ್ಲಿನವರೆಲ್ಲ ದೋಣಿಯಲ್ಲೇ ದಾಟುತ್ತಾರೆ, ಕಂಡ ಮನೆಯ ಜಗಲಿಯಲ್ಲಿ ಕೂರುತ್ತಾರೆ. ಯಾರು, ಏನು ಅಂತ ಯಾರೂ ಕೇಳುವುದಿಲ್ಲ. ಮನೆಯವರು ಅವರ ಕೈಗೆ ಕಾಫಿ ಕೊಟ್ಟು, ಅವರ ಮೇಲೆ ತಮ್ಮ ನೆರಳು ಬೀಳದ ಹಾಗೆ ಸರಿದು ನಿಲ್ಲುತ್ತಾರೆ.